ವೆಬ್ ಸರ್ವರ್‌ಗಳಲ್ಲಿ ಕೋರಿಕೆಗಳ ಕಳ್ಳಸಾಗಣೆ: ಎರಡು ಗಣಕಗಳ ಲೆಕ್ಕ ತಾಳೆಯಾಗದಿದ್ದಾಗ

ಜಾಲತಾಣವೊಂದರ ಹಿಂದೆ ಒಂದೇ ಗಣಕ ಕುಳಿತಿರುತ್ತದೆ ಎಂಬುದು ಸಾಮಾನ್ಯ ಭಾವನೆ. ದೊಡ್ಡ ತಾಣಗಳ ಮಟ್ಟಿಗೆ ಇದು ನಿಜವಲ್ಲ. ನಮ್ಮ ಬ್ರೌಸರ್ ಕಳುಹಿಸುವ ಕೋರಿಕೆಯನ್ನು ಮೊದಲು ಸ್ವೀಕರಿಸುವುದು ಹೆಬ್ಬಾಗಿಲಿನಲ್ಲಿರುವ ಒಂದು ಸರ್ವರ್. ಅದು ಕೋರಿಕೆಯನ್ನು ಪರಿಶೀಲಿಸಿ ಒಳಗಿರುವ ಮತ್ತೊಂದು ಸರ್ವರ್‌ಗೆ ದಾಟಿಸುತ್ತದೆ. ಒಂದು ಕೋರಿಕೆ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಗುತ್ತದೆ ಎಂಬ ವಿಷಯದಲ್ಲಿ ಈ ಎರಡರ ಲೆಕ್ಕ ತಾಳೆಯಾಗದಿದ್ದರೆ ಹುಟ್ಟುವ ಭದ್ರತಾ ಲೋಪಕ್ಕೆ ‘ಎಚ್‌ಟಿಟಿಪಿ ರಿಕ್ವೆಸ್ಟ್ ಸ್ಮಗ್ಲಿಂಗ್’, ಅರ್ಥಾತ್ ಕೋರಿಕೆಗಳ ಕಳ್ಳಸಾಗಣೆ ಎಂದು ಹೆಸರು. ಇದಕ್ಕೆ ಬಲಿಯಾಗುವವರು ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. ಸಂಶಯಾಸ್ಪದ ಕೊಂಡಿಯನ್ನು ಒತ್ತಿರಬೇಕಾಗಿಲ್ಲ. ಆ ಹೊತ್ತಿಗೆ ಅದೇ ತಾಣಕ್ಕೆ ಭೇಟಿ ನೀಡಿದ್ದರೆ ಸಾಕು.

ಲೋಪ ಹುಟ್ಟುವ ಬಗೆ

ಪ್ರತಿಯೊಂದು ಕೋರಿಕೆಗೂ ಹೊಸ ಸಂಪರ್ಕ ತೆರೆಯುವುದು ಕಾಲಹರಣದ ಕೆಲಸ. ಆದ್ದರಿಂದ ಹೊರಗಿನ ಸರ್ವರ್, ಪರಸ್ಪರ ಪರಿಚಯವೇ ಇಲ್ಲದ ಅನೇಕ ಬಳಕೆದಾರರ ಕೋರಿಕೆಗಳನ್ನು ಒಂದೇ ಸಂಪರ್ಕದ ಮೂಲಕ ಒಂದರ ಹಿಂದೊಂದರಂತೆ ಒಳಗೆ ಸಾಗಿಸುತ್ತದೆ. ನಡುವೆ ಗಡಿಕಲ್ಲು ಇರುವುದಿಲ್ಲ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಸಾಲುಗಟ್ಟಿರುವುದನ್ನು ಓದುಗರು ನೋಡಿರಬಹುದು. ಅಲ್ಲಿ ಪದವನ್ನು ತಪ್ಪು ಜಾಗದಲ್ಲಿ ಬಿಡಿಸಿದರೆ ಅರ್ಥ ಕೆಡುತ್ತದೆ. ಇಲ್ಲಿ ಒಬ್ಬನ ಮಾತು ಇನ್ನೊಬ್ಬನ ಬಾಯಿಗೆ ಹೋಗಿ ಸೇರುತ್ತದೆ.

ಕೋರಿಕೆಯ ಅಂತ್ಯವನ್ನು ತಿಳಿಸಲು ಎಚ್‌ಟಿಟಿಪಿ 1.1 ಆವೃತ್ತಿಯಲ್ಲಿ ಎರಡು ವಿಧಾನಗಳಿವೆ. ‘ಕಂಟೆಂಟ್-ಲೆಂಗ್ತ್’ ಎಂಬ ಶಿರೋಲೇಖದಲ್ಲಿ ಒಟ್ಟು ಬೈಟ್‌ಗಳ ಸಂಖ್ಯೆಯನ್ನು ಮೊದಲೇ ಹೇಳಿಬಿಡುವುದು ಒಂದು. ‘ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಎಂಬ ಶಿರೋಲೇಖ ಹಾಕಿ, ಮಾಹಿತಿಯನ್ನು ತುಂಡುತುಂಡಾಗಿ ಕಳುಹಿಸಿ, ಕೊನೆಗೆ ಸೊನ್ನೆ ಗಾತ್ರದ ತುಂಡಿನಿಂದ ಮುಕ್ತಾಯ ಸೂಚಿಸುವುದು ಇನ್ನೊಂದು. ಇವೆರಡೂ ಒಟ್ಟಿಗೆ ಬಂದರೆ ಮೊದಲನೆಯದನ್ನು ಕಡೆಗಣಿಸಬೇಕೆಂದು 1999ರ ನಿಯಮಾವಳಿಯೇ ಹೇಳಿತ್ತು. ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ಒಂದೇ ರೀತಿಯಲ್ಲಿ ಪಾಲಿಸಲಿಲ್ಲ.

ದಾಳಿಕೋರ ಎರಡೂ ಶಿರೋಲೇಖಗಳಿರುವ ಕೋರಿಕೆಯನ್ನು ಕಳುಹಿಸಿದನೆಂದು ಭಾವಿಸೋಣ. ಹೊರಗಿನ ಸರ್ವರ್ ‘40 ಬೈಟ್’ ಎಂಬ ಲೆಕ್ಕವನ್ನು ನಂಬಿ ಅಷ್ಟನ್ನೂ ಒಳಗೆ ಕಳುಹಿಸುತ್ತದೆ. ಒಳಗಿನ ಸರ್ವರ್ ತುಂಡುಗಳ ಲೆಕ್ಕವನ್ನು ನಂಬುತ್ತದೆ. ಮೊದಲ 5 ಬೈಟ್‌ಗಳಲ್ಲೇ ಸೊನ್ನೆಯ ತುಂಡು ಕಂಡದ್ದರಿಂದ ಅದರ ಪಾಲಿಗೆ ಕೋರಿಕೆ ಮುಗಿಯಿತು. ಉಳಿದ 35 ಬೈಟ್‌ಗಳು ಸಂಪರ್ಕದಲ್ಲೇ ಕಾದಿದ್ದು, ಮುಂದೆ ಬರುವ ಕೋರಿಕೆಯ ತಲೆಗೆ ಅಂಟಿಕೊಳ್ಳುತ್ತವೆ. ಆ ಮುಂದಿನ ಕೋರಿಕೆ ಯಾರದ್ದಾದರೂ ಆಗಿರಬಹುದು.

ಬ್ರೌಸರ್‌ನಲ್ಲಿ ಬೀಗದ ಚಿಹ್ನೆ ಇದೆಯಲ್ಲ ಎಂದು ಕೇಳಬಹುದು. ಆ ಗೂಢಲಿಪಿಯ ರಕ್ಷಣೆ ಬಳಕೆದಾರನಿಂದ ಹೊರಗಿನ ಸರ್ವರ್‌ವರೆಗಿನ ದಾರಿಗೆ. ಕಳ್ಳಸಾಗಣೆ ನಡೆಯುವುದು ಅದರಾಚೆಗೆ.

ಹದಿನಾಲ್ಕು ವರ್ಷಗಳ ಅವಜ್ಞೆ

ಈ ಲೋಪವನ್ನು ವಿವರವಾಗಿ ಬಯಲಿಗೆ ತಂದದ್ದು 2005ರಲ್ಲಿ ವಾಚ್‌ಫೈರ್ ಸಂಸ್ಥೆಯ ಪ್ರಬಂಧ. ಅಮಿತ್ ಕ್ಲೈನ್ ಅದರ ಲೇಖಕರಲ್ಲೊಬ್ಬರು. ನಂತರ ಒಬ್ಬಿಬ್ಬರು ಸಂಶೋಧಕರು ಎಚ್ಚರಿಸಿದರೂ ಉದ್ಯಮ ಅಷ್ಟಾಗಿ ಕಿವಿಗೊಡಲಿಲ್ಲ. 2014ರ ಪರಿಷ್ಕೃತ ನಿಯಮಾವಳಿ, ಎರಡೂ ಶಿರೋಲೇಖಗಳಿರುವ ಕೋರಿಕೆ ಕಳ್ಳಸಾಗಣೆಯ ಯತ್ನವಾಗಿರಬಹುದೆಂದು ಹೆಸರಿಟ್ಟೇ ಹೇಳಿತು. ಆದರೂ ಪರಿಸ್ಥಿತಿ ಹೇಗಿತ್ತೆಂಬುದನ್ನು ಲೋಕಕ್ಕೆ ತೋರಿಸಿದ್ದು 2019.

ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ, ಬ್ರಿಟನ್ನಿನ ಪೋರ್ಟ್‌ಸ್ವಿಗ್ಗರ್ ಸಂಸ್ಥೆಯ ಜೇಮ್ಸ್ ಕೆಟಲ್ ತಮ್ಮ ಪ್ರಯೋಗಗಳನ್ನು ಮಂಡಿಸಿದರು. ಹಣ ಪಾವತಿ ಸೇವೆಯಾದ ಪೇಪಾಲ್‌ನ ಪ್ರಕರಣ ಅವುಗಳಲ್ಲಿ ಮುಖ್ಯವಾದುದು. ಪೇಪಾಲ್‌ನ ಲಾಗಿನ್ ಪುಟ ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಕಡತದ ಜಾಗದಲ್ಲಿ ಕಳ್ಳಸಾಗಣೆಯ ಮೂಲಕ ಬೇರೊಂದನ್ನು ಕೂರಿಸಲು ಅವರಿಗೆ ಸಾಧ್ಯವಾಯಿತು. ಪುಟದಲ್ಲಿದ್ದ ಮತ್ತೊಂದು ರಕ್ಷಣೆ ಮೊದಲು ಅಡ್ಡಿಯಾದರೂ, ಸುತ್ತುದಾರಿ ಹಿಡಿದು ಅದನ್ನೂ ದಾಟಿದರು. ಸಫಾರಿ ಹಾಗೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೂಲಕ ಲಾಗಿನ್ ಆಗುವವರ ಪಾಸ್‌ವರ್ಡ್‌ಗಳನ್ನು ಯಥಾವತ್ತಾಗಿ ಕದಿಯಲು ಇದರಿಂದ ಸಾಧ್ಯವಿತ್ತು. ಹಣಕ್ಕೆ ಸಂಬಂಧಿಸಿದ ತಾಣವೊಂದಕ್ಕೆ ಇದಕ್ಕಿಂತ ದೊಡ್ಡ ಅಪಾಯ ಊಹಿಸುವುದು ಕಷ್ಟ.

ಪೇಪಾಲ್ 18,900 ಡಾಲರ್ ಬಹುಮಾನ ನೀಡಿತು. ತುಂಡುಗಳ ಶಿರೋಲೇಖವಿರುವ ಕೋರಿಕೆಗಳನ್ನೇ ತಿರಸ್ಕರಿಸುವಂತೆ, ತನ್ನ ಹೊರಬಾಗಿಲನ್ನು ಕಾಯುತ್ತಿದ್ದ ಅಕಮೈ ಸರ್ವರ್‌ಗಳನ್ನು ಸಜ್ಜುಗೊಳಿಸಿತು. ಕೆಲವು ವಾರಗಳ ನಂತರ ಕೆಟಲ್ ಅದೇ ಶಿರೋಲೇಖವನ್ನು ಎರಡು ಸಾಲುಗಳಲ್ಲಿ ಮುರಿದು ಬರೆದು ಕಳುಹಿಸಿದರು. ಅಕಮೈ ಅದನ್ನು ಗುರುತಿಸದೆ ಒಳಬಿಟ್ಟಿತು. ಎರಡನೆಯ ಬಹುಮಾನ 20,000 ಡಾಲರ್. ಒಂದು ಸಾಲನ್ನು ಮುರಿದದ್ದಷ್ಟೇ ವ್ಯತ್ಯಾಸ ಎಂಬುದನ್ನು ಗಮನಿಸಬೇಕು.

ತಪ್ಪು ಯಾರದು?

ಅನೇಕ ಬಾರಿ, ಬಿಡಿಯಾಗಿ ನೋಡಿದರೆ, ಯಾರದೂ ಅಷ್ಟು ದೊಡ್ಡ ತಪ್ಪಲ್ಲ. ಕೆಟ್ಟ ರೂಪದಲ್ಲಿ ಬಂದ ಕೋರಿಕೆಯನ್ನೂ ಹೇಗಾದರೂ ಅರ್ಥ ಮಾಡಿಕೊಂಡು ಸೇವೆ ಒದಗಿಸುವ ಧಾರಾಳತನವನ್ನು ತಂತ್ರಾಂಶ ರಚನಕಾರರು ಬಹುಕಾಲ ಸದ್ಗುಣವೆಂದೇ ಎಣಿಸಿದ್ದರು. ಆ ಧಾರಾಳತನವೇ ಇಲ್ಲಿ ಕಂಟಕವಾಗಿದೆ. ಅಪಾಚೆ ಸರ್ವರ್‌ನ 2.4.52 ಹಾಗೂ ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ, ಕೋರಿಕೆಯ ಒಡಲನ್ನು ತ್ಯಜಿಸುವಾಗ ದೋಷ ಉಂಟಾದರೂ ಸಂಪರ್ಕವನ್ನು ಮುಚ್ಚದೆ ಬಿಡುವ ಲೋಪವಿತ್ತು. 2022ರ ಮಾರ್ಚ್‌ನಲ್ಲಿ ಅದನ್ನು ಸರಿಪಡಿಸಲಾಯಿತು. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್‌ನ ‘ಕೆಸ್ಟ್ರೆಲ್’ ಸರ್ವರ್‌ನಲ್ಲಿ ಪತ್ತೆಯಾದ ಇದೇ ಜಾತಿಯ ಲೋಪಕ್ಕೆ ತೀವ್ರತೆಯ ಮಾಪನದಲ್ಲಿ 10ಕ್ಕೆ 9.9 ಅಂಕ ದೊರೆಯಿತು.

ಹೊಸ ಎಚ್‌ಟಿಟಿಪಿ 2ರಲ್ಲಿ ಪ್ರತಿಯೊಂದು ಭಾಗದ ಉದ್ದವೂ ಚೌಕಟ್ಟಿನಲ್ಲೇ ನಮೂದಾಗಿರುವುದರಿಂದ ಈ ಗೊಂದಲಕ್ಕೆ ಆಸ್ಪದ ಕಡಿಮೆ. ಆದರೆ ಹೊರಗೆ 2ನೇ ಆವೃತ್ತಿಯಲ್ಲಿ ಸ್ವೀಕರಿಸಿ, ಒಳಗೆ ಹಳೆಯ 1.1ಕ್ಕೆ ಭಾಷಾಂತರಿಸಿ ಕಳುಹಿಸುವ ಪದ್ಧತಿ ಹಲವೆಡೆ ಇದೆ. ಆ ಭಾಷಾಂತರದಲ್ಲೇ ಕಳ್ಳಸಾಗಣೆಗೆ ಎಡೆಯಿದೆಯೆಂದು ಕೆಟಲ್ 2021ರಲ್ಲಿ ತೋರಿಸಿದರು. ಒಳಗಿನ ಸಂಪರ್ಕಗಳಲ್ಲಿ 1.1ನ್ನು ಕೈಬಿಡಬೇಕೆಂಬುದು 2025ರಲ್ಲಿ ಅವರು ಮಂಡಿಸಿದ ವಾದ.

ಬಳಕೆದಾರರು ಇದನ್ನು ತಡೆಯಲಾರರು. ಒಂದೇ ಪಾಸ್‌ವರ್ಡನ್ನು ಹಲವು ತಾಣಗಳಲ್ಲಿ ಬಳಸದಿರುವುದು, ಎರಡನೇ ಹಂತದ ದೃಢೀಕರಣ ಇಟ್ಟುಕೊಳ್ಳುವುದು ಹಾನಿಯನ್ನು ತಗ್ಗಿಸಬಹುದಷ್ಟೆ. ಜಾಲತಾಣ ನಡೆಸುವವರ ಹೊಣೆ ಹೆಚ್ಚಿನದು. ಎರಡರ್ಥಕ್ಕೆ ಎಡೆಗೊಡುವ ಕೋರಿಕೆಯನ್ನು ಅರ್ಥೈಸಲು ಹೋಗದೆ ತಿರಸ್ಕರಿಸಿ, ಆ ಸಂಪರ್ಕವನ್ನು ಅಲ್ಲೇ ಮುಚ್ಚುವಂತೆ ಹೊರಗಿನ ಮತ್ತು ಒಳಗಿನ ಸರ್ವರ್‌ಗಳೆರಡನ್ನೂ ಸಜ್ಜುಗೊಳಿಸಬೇಕು. ಇವೆರಡನ್ನು ಬೇರೆ ಬೇರೆ ಸಂಸ್ಥೆಗಳು ನೋಡಿಕೊಳ್ಳುತ್ತಿದ್ದರೆ, ಎರಡನ್ನೂ ಜೋಡಿಸಿಯೇ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.