ಕಲ್ಯಾಣದ ಮಲ್ಲರು, ಬೀದರಿನ ಅಖಾಡ

ಪೈಲ್ವಾನನಿಗೆ ಏನು ಉಣ್ಣಿಸಬೇಕು, ಎಷ್ಟು ಬೆವರಿಳಿಸಬೇಕು, ಯಾರಿಗೆ ಯಾರನ್ನು ಜೋಡಿ ಕಟ್ಟಬೇಕು ಎಂಬುದನ್ನು ಒಬ್ಬ ಚಕ್ರವರ್ತಿ ಶ್ಲೋಕಗಳಲ್ಲಿ ಬರೆದಿಟ್ಟಿದ್ದಾನೆ. ಅವನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಗ್ರಂಥದ ಹೆಸರು ‘ಮಾನಸೋಲ್ಲಾಸ’, ಕಾಲ 1130ರ ಆಸುಪಾಸು. ಅವನ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಬೀದರಿನವರು ಭಾಲ್ಕಿ ದಾರಿ ಹಿಡಿದರೂ ಹುಮನಾಬಾದ್ ದಾರಿ ಹಿಡಿದರೂ ಅರ್ಧ ದಿನದೊಳಗೆ ನೋಡಿ ಬರಬಹುದಾದ ಊರು ಅದು.

ಗ್ರಂಥದಲ್ಲಿ ಐದು ವಿಂಶತಿಗಳಿವೆ, ಒಂದೊಂದರಲ್ಲಿ 20 ಅಧ್ಯಾಯ. ರಾಜ್ಯ ಪಡೆಯುವುದು, ಉಳಿಸಿಕೊಳ್ಳುವುದು, ಅನುಭವಿಸುವುದು ಮೊದಲ ಮೂರರ ವಿಷಯ. ಉಳಿದ ಎರಡು ಇಡಿಯಾಗಿ ವಿನೋದಕ್ಕೆ ಮತ್ತು ಕ್ರೀಡೆಗೆ ಮೀಸಲು. ಅಂದರೆ ನೂರರಲ್ಲಿ ನಲವತ್ತು ಅಧ್ಯಾಯ! ಆಟವನ್ನು ಇಷ್ಟು ಮನಸ್ಸಿಟ್ಟು ಬರೆದ ಗ್ರಂಥ ಭಾರತದ ಹಳೆಯ ಸಾಹಿತ್ಯದಲ್ಲಿ ಬಹಳ ವಿರಳ.

ಅದರಲ್ಲಿ ‘ಮಲ್ಲವಿನೋದ’ ಎಂಬ ಅಧ್ಯಾಯವನ್ನು ಇಂದಿನ ಯಾವ ಉಸ್ತಾದ ಓದಿದರೂ ತನ್ನದೇ ತಾಲೀಮಿನ ಮಾತೆಂದು ತಲೆದೂಗುತ್ತಾನೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕು. ಅವರಿಗೆ ಮಾಂಸ, ಬೇಳೆ, ಹಾಲು, ಮೊಸರು, ತುಪ್ಪ ಕೊಡಬೇಕು. ಹೆಣ್ಣಿನ ಸಹವಾಸದಿಂದ ದೂರ ಇಡಬೇಕು. ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ಈಜಿನ ಶ್ರಮ, ಕಂಬ ಹಿಡಿದು ಮಾಡುವ ಶ್ರಮ ಎಂದು ವ್ಯಾಯಾಮದ ಬಗೆಗಳೂ ಅಲ್ಲಿವೆ. ಆ ಕಂಬದ ವ್ಯಾಯಾಮವೇ ಮಲ್ಲಕಂಬದ ಅತಿ ಹಳೆಯ ಉಲ್ಲೇಖವೆಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ಮಹಾರಾಷ್ಟ್ರದಲ್ಲಿ ಬೆಳೆದು ಹೆಸರಾದ ಆಟ ಮೊದಲು ಅಕ್ಷರಕ್ಕೆ ಬಂದದ್ದು ಕಲ್ಯಾಣದ ದೊರೆಯ ಕೈಯಲ್ಲಿ. ಬೀದರ್ ಜಿಲ್ಲೆಯ ಪ್ರತಿ ಶಾಲೆಯ ಮಗುವಿಗೂ ಈ ಸಂಗತಿ ಗೊತ್ತಿರಬೇಕು.

ಕುದುರೆ ಮೇಲೆ ಕೂತು ಚೆಂಡಾಡುವ ಆಟವೂ ಇದೇ ಗ್ರಂಥದಲ್ಲಿದೆ. ಎರಡು ಕಡೆಗೂ ಎಂಟೆಂಟು ಸವಾರರು, ಗುರಿಗೆ ತೋರಣಗಳು, ಚರ್ಮ ಹೊದಿಸಿದ ಮರದ ಚೆಂಡು. ಕೋಳಿ, ಲಾವಕ್ಕಿ, ಟಗರು, ಕೋಣಗಳ ಕಾಳಗಗಳಿಗೂ ಒಂದೊಂದು ಅಧ್ಯಾಯವಿದೆ. ‘ಅಂಕವಿನೋದ’ ಎಂಬ ಅಧ್ಯಾಯದಲ್ಲಿ ಮಾತ್ರ ಮನುಷ್ಯರು ಆಯುಧ ಹಿಡಿದು ಇಬ್ಬಿಬ್ಬರಾಗಿ ಕಾದುತ್ತಾರೆ, ಅರಮನೆ ಕೂತು ನೋಡುತ್ತದೆ. ಇನ್ನೊಬ್ಬನ ನೆತ್ತರನ್ನು ವಿನೋದವೆಂದ ಆ ಭಾಗವನ್ನು ಹೊಗಳಲಾಗದು. ಗ್ರಂಥದ ಬಗ್ಗೆ ಎಷ್ಟೇ ಅಭಿಮಾನವಿದ್ದರೂ ಅದನ್ನು ಮುಚ್ಚಿಡಬಾರದು.

ಈ ವಂಶದ ಬಿರುದುಗಳಲ್ಲೂ ಅಖಾಡದ ಛಾಯೆ ಇದೆ. ಸೋಮೇಶ್ವರನ ಅಜ್ಜ ತ್ರೈಲೋಕ್ಯಮಲ್ಲ, ಆಹವಮಲ್ಲ; ತಂದೆ ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ; ಇವನು ಭೂಲೋಕಮಲ್ಲ; ಮಗ ಜಗದೇಕಮಲ್ಲ. ಅದಕ್ಕೂ ಹಿಂದೆ, ಚಾಲುಕ್ಯರು ಇನ್ನೂ ಮಾನ್ಯಖೇಟದಲ್ಲಿದ್ದಾಗ, ಮುಧೋಳದ ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಭೀಮ ದುರ್ಯೋಧನನ ತೊಡೆ ಮುರಿದ ಕಥೆ ಅದು. ಗದೆಯ ಕಾಳಗದಲ್ಲಿ ಸೊಂಟದ ಕೆಳಗೆ ಹೊಡೆಯುವಂತಿಲ್ಲ. ಮಹಾಭಾರತದಲ್ಲಿ ಬಲರಾಮ ಸಿಟ್ಟಿಗೇಳುವುದೂ ಆ ನಿಯಮ ಮುರಿದದ್ದಕ್ಕೇ. ಗೆದ್ದವನು ಗೆದ್ದ ರೀತಿ ಸರಿಯೇ ಎಂಬ ಪ್ರಶ್ನೆಯನ್ನು ಸಾವಿರ ವರ್ಷದ ಹಿಂದಿನ ಕನ್ನಡ ಓದುಗನೂ ಎದುರಿಸಿದ್ದ.

ಮುಂದೆ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿ ಮಾಡಿಕೊಂಡರು. 1470ರ ಸುಮಾರಿಗೆ ಇಲ್ಲಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್, ಸುಲ್ತಾನ ತಾಯಿ ಮತ್ತು ಹೆಂಡತಿಯೊಡನೆ ವಿಹಾರಕ್ಕೆ ಹೊರಟರೆ ಹತ್ತು ಸಾವಿರ ಸವಾರರು, ಐವತ್ತು ಸಾವಿರ ಕಾಲಾಳುಗಳು, 200 ಆನೆಗಳು ಜೊತೆಗೆ ಹೊರಡುತ್ತಿದ್ದವೆಂದು ಬರೆದಿದ್ದಾನೆ. ಅಂಕಿಗಳಲ್ಲಿ ಬೆರಗು ಸ್ವಲ್ಪ ಬೆರೆತಿರಬಹುದು. ಅರಮನೆಯ ವಿನೋದ ಊರಿಗೇ ದೊಡ್ಡ ನೋಟವಾಗಿತ್ತೆಂಬುದು ಮಾತ್ರ ಸ್ಪಷ್ಟ.

ಶತಮಾನಗಳ ಕಾಲ ಪಾರಸಿ, ದಖನಿ ಮಾತಿನ ಒಡನಾಟದಲ್ಲಿ ಬೆಳೆದ ಈ ಸೀಮೆಯ ಕುಸ್ತಿಗೆ ತಾಲೀಮು, ಉಸ್ತಾದ, ಪೈಲ್ವಾನ, ಲಂಗೋಟ ಎಂಬ ಮಾತುಗಳು ಅಂಟಿಕೊಂಡವು. ಹಳೆ ಮೈಸೂರಿನವರ ಗರಡಿಮನೆ ಇಲ್ಲಿ ತಾಲೀಮು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಅಖಾಡ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಔರಾದಿನ ಅಮರೇಶ್ವರ ಜಾತ್ರೆಯಂಥ ಕಡೆ ಲಾತೂರ, ನಾಂದೇಡ ಸೀಮೆಯ ಪೈಲ್ವಾನರು ಪರಕೀಯರಲ್ಲ. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪದಕ ಗೆದ್ದ ಹರಿಶ್ಚಂದ್ರ ಬಿರಾಜದಾರ ಭಾಲ್ಕಿಯ ಗಡಿಗೆ ತಾಗಿದ ನಿಲಂಗಾ ಸೀಮೆಯವರು.

ಜಾತ್ರೆಯ ಕುಸ್ತಿಗೆ ತನ್ನದೇ ಕ್ರಮವಿದೆ. ಮೊದಲು ಚಿಕ್ಕ ಹುಡುಗರು, ಬಹುಮಾನಕ್ಕೆ ತೆಂಗಿನಕಾಯಿ. ಹೊತ್ತು ಏರಿದಂತೆ ಜೋಡಿಗಳೂ ದೊಡ್ಡವಾಗುತ್ತವೆ, ಕಾಯಿಯ ಜಾಗಕ್ಕೆ ರೊಕ್ಕ ಬರುತ್ತದೆ. ಹಲಗೆಯ ಬಡಿತ ನಿಲ್ಲುವುದಿಲ್ಲ. ಸಂಜೆ ಕೊನೆಯ ಕುಸ್ತಿ ಗೆದ್ದವನ ಕೈಗೆ ಬೆಳ್ಳಿ ಕಡಗ. ತೂಕದ ಯಂತ್ರವಿಲ್ಲದೆ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಾರೆ. ಜಾತಿ, ಧರ್ಮ ಕೇಳದೆ ಇಬ್ಬರು ಒಂದೇ ಮಣ್ಣನ್ನು ಮೈಗೆ ಬಳಿದುಕೊಳ್ಳುವ ಇಂಥ ಕಣ ಊರಿನ ಬದುಕಿನಲ್ಲಿ ಎಷ್ಟಿವೆ?

ಹೆಣ್ಣುಮಕ್ಕಳ ಆಟವನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಸೋಮೇಶ್ವರ ತನ್ನ ಕೊನೆಯ ವಿಂಶತಿಯಲ್ಲಿ ಉಯ್ಯಾಲೆಯಾಟವನ್ನೂ ಸೇರಿಸಿದ್ದಾನೆ. ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಮರಕ್ಕೆ ಜೋಕಾಲಿ ಕಟ್ಟಿ ಹಾಡುತ್ತ ಜೀಕುವುದು ಈ ಸೀಮೆಯಲ್ಲಿ ಇಂದಿಗೂ ಉಂಟು. ಆ ಹಾಡುಗಳೂ ಕ್ರೀಡಾಸಾಹಿತ್ಯವೇ.

‘ಮಾನಸೋಲ್ಲಾಸ’ದ ಸಂಸ್ಕೃತ ಪಠ್ಯವನ್ನು ಜಿ.ಕೆ. ಶ್ರೀಗೊಂಡೇಕರ ಸಂಪಾದಿಸಿದರು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಮೊದಲ ಸಂಪುಟ 1925ರಲ್ಲಿ ಬಂತು, ಮೂರನೆಯದು 1961ರಲ್ಲಿ. ಅರಮನೆಯ ಮಲ್ಲರ ಚರಿತ್ರೆ ಹೀಗೆ ಉಳಿಯಿತು. ಹಳ್ಳಿಯ ತಾಲೀಮುಗಳ ಚರಿತ್ರೆ ಮಾತ್ರ ಮುದಿ ಉಸ್ತಾದರ ನೆನಪಿನಲ್ಲಷ್ಟೇ ಇದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಶುರುವಾಗಿದೆ. ಅಲ್ಲಿನ ಕನ್ನಡ ಮತ್ತು ಇತಿಹಾಸದ ವಿದ್ಯಾರ್ಥಿಗಳು ಔರಾದ, ಭಾಲ್ಕಿ, ಬೀದರಿನ ಉಸ್ತಾದರ ಮನೆಗೆ ಹೋಗಲಿ. ಪಟ್ಟುಗಳ ಹೆಸರು, ತಾಲೀಮಿನ ಹಳೆಯ ಫೋಟೊ, ಜೋಕಾಲಿ ಹಾಡು ಎಲ್ಲವನ್ನೂ ಈಗಲೇ ಬರೆದುಕೊಳ್ಳಲಿ.