ನ್ಯುಮೋನಿಯಾ ಮತ್ತು ಉರಿಯೂತ: ಕಾವಲೇ ದಾರಿಯಾದ ಬಗೆ

ಕೋವಿಡ್ ಕಾಲದಲ್ಲಿ ‘ಸಿಆರ್‌ಪಿ ಎಷ್ಟಿದೆ?’ ಎಂಬುದು ಮನೆಮನೆಯ ಮಾತಾಗಿತ್ತು. ಉರಿಯೂತವನ್ನು ಸೂಚಿಸುವ ಆ ಪ್ರೋಟೀನು (ಸಿ-ರಿಯಾಕ್ಟಿವ್ ಪ್ರೋಟೀನ್) ಮೊದಲು ಕಣ್ಣಿಗೆ ಬಿದ್ದದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಎಂಬ ಅಂಶವನ್ನು ರೋಗಿಗಳ ಸೀರಂಗೆ ಬೆರೆಸಿದರು. ದ್ರವ ಮಬ್ಬಾಗಿ ಗಸಿ ಕೂತಿತು. ರೋಗಿ ಚೇತರಿಸಿಕೊಂಡಂತೆ ಸೀರಂನ ಆ ಗುಣವೂ ಮಾಯವಾಗುತ್ತಿತ್ತು.

ಸಿಆರ್‌ಪಿ ಬ್ಯಾಕ್ಟೀರಿಯಾದ ಮೈಮೇಲಿನ ಫಾಸ್ಫೊಕೋಲಿನ್ ಅನ್ನು ಹಿಡಿಯುತ್ತದೆ ಎಂಬುದು 1971ರಲ್ಲಿ ತಿಳಿಯಿತು. ಹತ್ತು ವರ್ಷಗಳ ನಂತರ, ಮನುಷ್ಯರ ಸಿಆರ್‌ಪಿ ಚುಚ್ಚಿದ ಇಲಿಗಳು ಮಾರಕ ಸೋಂಕಿನಿಂದ ಪಾರಾದವು. 1997ರಲ್ಲಿ ಟಿಎನ್‌ಎಫ್ ಎಂಬ ಇನ್ನೊಂದು ಉರಿಯೂತ ಪ್ರೋಟೀನನ್ನು ತಡೆದಾಗ ಇಲಿಗಳ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ, ಇಲಿಗಳು ಬೇಗ ಸತ್ತವು. ಉರಿಯೂತವೆಂದರೆ ಕಾವಲು ಎಂಬ ಲೆಕ್ಕಕ್ಕೆ ಇವೆಲ್ಲ ಸರಿಹೊಂದುತ್ತಿದ್ದವು.

ಅಷ್ಟರಲ್ಲಾಗಲೇ ಆ ಲೆಕ್ಕಕ್ಕೆ ತೊಡಕು ಎದುರಾಗಿತ್ತು. 1995ರಲ್ಲಿ ಎಲೇನ್ ಟುಮನೆನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದು: ಟಿಎನ್‌ಎಫ್, ಐಎಲ್-1ನಂಥ ಉರಿಯೂತ ಪ್ರೋಟೀನುಗಳು ಸೋಕಿ ಎಚ್ಚೆತ್ತ ಜೀವಕೋಶಗಳು ತಮ್ಮ ಮೈಮೇಲೆ ಪ್ಯಾಫ್ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಪ್ಯಾಫ್ ಎಂಬುದು ಉರಿಯೂತದ ಸಂದೇಶ ಒಯ್ಯುವ ಕೊಬ್ಬಿನ ಅಣು. ಅದರಲ್ಲೂ ಫಾಸ್ಫೊಕೋಲಿನ್ ಇದೆ. ನ್ಯುಮೊಕಾಕಸ್ ಅದೇ ವೇಷದಲ್ಲಿ ಬಂದು ಗ್ರಾಹಕಕ್ಕೆ ಅಂಟಿ ಒಳಸೇರುತ್ತದೆ. ಬೇಲಿಯೇನೂ ಎದ್ದು ಹೊಲ ಮೇಯಲಿಲ್ಲ. ಕಳ್ಳ ಬೇಲಿಯ ಗೂಟವನ್ನೇ ಮೆಟ್ಟಿ ಒಳಗಿಳಿದ.

ಫಾಸ್ಫೊಕೋಲಿನ್ ಮೇಲೆ ಸಿಆರ್‌ಪಿ ಕೂತರೆ ಈ ಅಂಟು ತಪ್ಪುತ್ತದೆ ಎಂದು 2002ರ ಅಧ್ಯಯನವೊಂದು ತೋರಿಸಿತು. ಆದರೆ ಗಾಳಿಚೀಲಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಸಿಆರ್‌ಪಿಯ ಈ ತಡೆಯನ್ನು ಕೆಡಿಸುತ್ತದೆ. ಮೂಗು, ಗಂಟಲಿನಲ್ಲಿ ಕಾಯಬಲ್ಲ ಪ್ರೋಟೀನು ಶ್ವಾಸಕೋಶದ ಆಳದಲ್ಲಿ ಕೈಚೆಲ್ಲಬಹುದು.

ಮುಂದಿನ ಸಂಶೋಧನೆ ಹರಡುವಿಕೆಯ ಎರಡು ದಾರಿಗಳನ್ನು ಹಿಡಿಯಿತು. ಶ್ವಾಸಕೋಶದಿಂದ ರಕ್ತಕ್ಕೆ ಹೋಗುವುದು ಒಂದು. ಟೈಪ್-1 ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನು ಪ್ಯಾಫ್ ಗ್ರಾಹಕಗಳನ್ನು ಕುಗ್ಗಿಸಿ, ಜೀವಕೋಶಗಳ ನಡುವಿನ ಬೆಸುಗೆಯನ್ನು ಬಿಗಿಮಾಡಿ ಆ ದಾರಿಯನ್ನು ಕಟ್ಟುತ್ತದೆ ಎಂಬುದು 2013ರಲ್ಲಿ ಇಲಿಗಳಲ್ಲಿ ಕಂಡಿತು. ಒಬ್ಬರಿಂದ ಒಬ್ಬರಿಗೆ ದಾಟುವುದು ಇನ್ನೊಂದು. ನ್ಯುಮೊಕಾಕಸ್‌ನ ನ್ಯುಮೊಲೈಸಿನ್ ವಿಷ ಮೂಗಿನಲ್ಲಿ ಉರಿಯೂತ ಎಬ್ಬಿಸಿದಾಗ ಸ್ರಾವದೊಂದಿಗೆ ಬ್ಯಾಕ್ಟೀರಿಯಾ ಹೆಚ್ಚು ಉದುರಿ ಪಕ್ಕದ ಮರಿಗೆ ದಾಟುತ್ತದೆ ಎಂದು ಜೆಫ್ರಿ ವೈಸರ್ ತಂಡ 2017ರಲ್ಲಿ ಇಲಿಮರಿಗಳಲ್ಲಿ ತೋರಿಸಿತು. ನೆಗಡಿ ಬರಿಸುವುದು ರೋಗಾಣುವಿಗೆ ಪ್ರಯಾಣದ ಏರ್ಪಾಡೂ ಹೌದು.

ವಯಸ್ಸು ಬಂದಾಗ ಲೆಕ್ಕ ಇನ್ನೊಮ್ಮೆ ಬದಲಾಗುತ್ತದೆ. ಮುಪ್ಪಿನಲ್ಲಿ ಮೈಯೊಳಗೆ ಸಣ್ಣಗೆ ಉರಿಯುತ್ತಲೇ ಇರುವ ಟಿಎನ್‌ಎಫ್ ಬಿಳಿರಕ್ತಕಣಗಳ ಕೆಲಸವನ್ನೇ ಕೆಡಿಸುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟಿಎನ್‌ಎಫ್ ತಗ್ಗಿದ ಮುದಿ ಇಲಿಗಳು ನ್ಯುಮೊಕಾಕಸ್ ಅನ್ನು ಉತ್ತಮವಾಗಿ ಎದುರಿಸಿದವು. 1997ರ ಫಲಿತಾಂಶಕ್ಕೆ ತೀರಾ ತಿರುವುಮುರುವು. ಆದರೆ ಎರಡೂ ನಿಜ.

ಆಸ್ಪತ್ರೆಯಲ್ಲೂ ಈ ತಿಳಿವಳಿಕೆ ನೆಲೆಯೂರುತ್ತಿದೆ. ತೀವ್ರ ನ್ಯುಮೋನಿಯಾ ರೋಗಿಗಳಿಗೆ ಉರಿಯೂತ ತಗ್ಗಿಸುವ ಹೈಡ್ರೊಕಾರ್ಟಿಸೋನ್ ಔಷಧಿಯನ್ನು ಬೇಗನೆ ಕೊಟ್ಟ ಫ್ರಾನ್ಸಿನ 2023ರ ಪ್ರಯೋಗದಲ್ಲಿ 28 ದಿನಗಳೊಳಗಿನ ಸಾವು ಶೇ. 11.9ರ ಬದಲು ಶೇ. 6.2ಕ್ಕೆ ಇಳಿಯಿತು. ಆದರೆ ಇನ್‌ಫ್ಲುಯೆಂಜಾ ನ್ಯುಮೋನಿಯಾದವರನ್ನು ಅದರಿಂದ ಹೊರಗಿಟ್ಟಿದ್ದರು. ಸಿಆರ್‌ಪಿ ವರದಿ ಉರಿಯೂತ ಎಷ್ಟಿದೆ ಎಂದು ಹೇಳುತ್ತದೆ. ಯಾರಲ್ಲಿ, ಎಲ್ಲಿ, ಯಾವ ಹೊತ್ತಿನಲ್ಲಿ ಅದನ್ನು ತಗ್ಗಿಸಬೇಕೆಂಬುದನ್ನು ವೈದ್ಯರೇ ಓದಿಕೊಳ್ಳಬೇಕು.