ನಡೆದರೆ ಹಾರುತ್ತಿದ್ದ ಹಾಡು



ಇಂದು ಮೊಬೈಲ್ ಜೇಬಿನಲ್ಲಿಟ್ಟು ಓಡಿದರೂ ಹಾಡು ತಪ್ಪುವುದಿಲ್ಲ. ನಮ್ಮ ಅಣ್ಣಂದಿರು, ಅಕ್ಕಂದಿರು ಸಿ.ಡಿ. ಪ್ಲೇಯರ್ ಹಿಡಿದು ನಡೆದ ಕಾಲದಲ್ಲಿ ಹಾಗಿರಲಿಲ್ಲ. ಹೆಜ್ಜೆ ಸ್ವಲ್ಪ ಜೋರಾದರೆ ಸಾಕು, ಹಾಡು ಹಾರಿ ಮುಂದೆ ಹೋಗುತ್ತಿತ್ತು, ಇಲ್ಲವೇ ಹೇಳಿದ್ದನ್ನೇ ಹೇಳುತ್ತಿತ್ತು. ಈ ತೊಂದರೆ ಹೇಗೆ ಬಂತು, ಹೇಗೆ ಹೋಯಿತು ಎಂದು ಈ ಸಲ ನೋಡೋಣ.

1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸೋನಿ ಕಂಪನಿಯ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು. ಬೆಲೆ 1,68,000 ಯೆನ್. ಅದು ಮೇಜಿನ ಮೇಲೆ ಕೂರುವ ಯಂತ್ರ. ಎರಡೇ ವರ್ಷದಲ್ಲಿ, 1984ರ ನವೆಂಬರಿನಲ್ಲಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಡಿ-50 ಬಂತು. ಬೆಲೆ 49,800 ಯೆನ್. ಯಂತ್ರ ಮೇಜು ಬಿಟ್ಟು ಹೊರಟಾಗಲೇ ಕಷ್ಟ ಶುರುವಾಯಿತು.

ಕ್ಯಾಸೆಟ್‌ನಲ್ಲಿ ಟೇಪು ಹೆಡ್ಡಿಗೆ ಒತ್ತಿಕೊಂಡೇ ಸಾಗುತ್ತದೆ. ಸಿ.ಡಿ.ಯನ್ನು ಯಾವುದೂ ಮುಟ್ಟುವುದಿಲ್ಲ, ಲೇಸರ್ ಬೆಳಕು ಮಾತ್ರ ಓದುತ್ತದೆ. ಅದರ ಸುರುಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಇರುವುದು 1.6 ಮೈಕ್ರಾನ್. ಅಂದರೆ ಒಂದೇ ಮಿಲಿಮೀಟರಿನಲ್ಲಿ 600ಕ್ಕೂ ಹೆಚ್ಚು ಸುತ್ತು! ಆ ಸಣ್ಣ ದಾರಿಯನ್ನು ಹಿಂಬಾಲಿಸಲು ಲೆನ್ಸನ್ನು ಕಾಯಿಲ್‌ಗಳು ಮೇಲೆ ಕೆಳಗೆ, ಅತ್ತ ಇತ್ತ ಸದಾ ಸರಿಸುತ್ತಿರುತ್ತವೆ. ಯಂತ್ರ ಕುಲುಕಿದರೆ ಲೆನ್ಸ್ ದಾರಿ ತಪ್ಪಿ ಬೇರೆ ಸುತ್ತಿಗೆ ಬೀಳುತ್ತದೆ. ಸಣ್ಣ ಗೀರುಗಳಿಂದಾದ ನಷ್ಟವನ್ನು ತುಂಬಿಕೊಳ್ಳುವ ಲೆಕ್ಕಾಚಾರ ಸಿ.ಡಿ.ಯಲ್ಲೇ ಇತ್ತು. ಆದರೆ ದಾರಿಯೇ ತಪ್ಪಿದ ಮೇಲೆ ಅದು ಏನು ಮಾಡೀತು?

ಪರಿಹಾರ ಸಿಕ್ಕಿದ್ದು 1990ರ ದಶಕದಲ್ಲಿ. ಕುಲುಕಾಟವನ್ನು ಪೂರ್ತಿ ತಡೆಯಲಾಗದು ಎಂದು ಒಪ್ಪಿಕೊಂಡು, ಹಾಡನ್ನು ಮೊದಲೇ ಕೂಡಿಡುವ ಉಪಾಯ ಮಾಡಿದರು. ಸಿ.ಡಿ.ಯನ್ನು ವೇಗವಾಗಿ ತಿರುಗಿಸಿ, ಮುಂದಿನ ಭಾಗವನ್ನು ಓದಿ ಮೆಮೊರಿ ಚಿಪ್ಪಿನಲ್ಲಿ ಇಡುವುದು. ನಾವು ಕೇಳುವುದು ಆ ಚಿಪ್ಪಿನಿಂದ. ಲೆನ್ಸ್ ದಾರಿ ತಪ್ಪಿದರೂ, ಕೂಡಿಟ್ಟದ್ದು ಮುಗಿಯುವುದರೊಳಗೆ ಮರಳಿ ದಾರಿಗೆ ಬರುತ್ತದೆ. ಒಂದು ಸೆಕೆಂಡಿನ ಹಾಡಿಗೆ ಸುಮಾರು 14 ಲಕ್ಷ ಬಿಟ್ ಬೇಕು. 4 ಮೆಗಾಬಿಟ್ ಚಿಪ್ಪಿನಲ್ಲಿ ಹಿಡಿಯುವುದು ಮೂರೇ ಸೆಕೆಂಡು, 16 ಮೆಗಾಬಿಟ್‌ನಲ್ಲಿ ಸುಮಾರು ಹನ್ನೆರಡು. ಮುಂದೆ ಹಾಡನ್ನು ಕುಗ್ಗಿಸಿ ಇಟ್ಟು 40 ಸೆಕೆಂಡಿಗೂ ಏರಿಸಿದರು. ಆದರೆ ಇದಕ್ಕೂ ಬೆಲೆ ತೆರಬೇಕಿತ್ತು. ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು, ಕುಗ್ಗಿಸಿದಾಗ ಧ್ವನಿಯ ಗುಣ ತುಸು ಇಳಿಯುತ್ತಿತ್ತು.

2001ರಲ್ಲಿ ಬಂದ ಐಪಾಡ್‌ನೊಳಗೂ ತಿರುಗುವ ಡಿಸ್ಕ್ ಇತ್ತು. ಅದು 20 ನಿಮಿಷದಷ್ಟು ಹಾಡನ್ನು ಮೆಮೊರಿಯಲ್ಲಿ ಕೂಡಿಡುತ್ತಿತ್ತು. ನಂತರ ತಿರುಗುವ ಭಾಗವೇ ಇಲ್ಲದ ಫ್ಲಾಶ್ ಮೆಮೊರಿ ಬಂದು ಕುಲುಕಾಟದ ಮಾತೇ ಮುಗಿಯಿತು. ಆದರೂ ಉಪಾಯ ಉಳಿದಿದೆ. ಆನ್‌ಲೈನ್ ಹಾಡು ಕೇಳುವಾಗ ನಮ್ಮ ಮೊಬೈಲ್ ಮುಂದಿನ ಭಾಗವನ್ನು ಮೊದಲೇ ತಂದಿಡುತ್ತದೆ. ನೆಟ್‌ವರ್ಕ್ ಸ್ವಲ್ಪ ಹೊತ್ತು ಕೈಕೊಟ್ಟರೂ ಹಾಡು ನಿಲ್ಲದಿರುವುದು ಅದರಿಂದಲೇ.

ನಮ್ಮ ಮನೆಗಳ ಕಪಾಟಿನಲ್ಲಿ ಮದುವೆಯ, ಹಬ್ಬದ, ಗಾಯನ ಮಂಡಳಿಯ ಹಳೆಯ ಸಿ.ಡಿ.ಗಳು ಇನ್ನೂ ಇವೆ. ಅಲ್ಲಾಡದ ಮೇಜಿನ ಮೇಲೂ ಅವು ತಡವರಿಸಿದರೆ ಕೊಳೆ, ಗೀರು ಅಥವಾ ಲೆನ್ಸಿನ ಧೂಳು ಕಾರಣವಿರಬಹುದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸೋಣ. ಸುತ್ತಲೂ ಉಜ್ಜಿದರೆ ಗೀರು ಸುರುಳಿಯ ಉದ್ದಕ್ಕೇ ಬಿದ್ದು ಹೆಚ್ಚು ಹಾಡು ಹಾಳಾಗುತ್ತದೆ. ಒಮ್ಮೆ ಸರಿಯಾಗಿ ಓಡಿದ ಕೂಡಲೇ ಕಂಪ್ಯೂಟರಿಗೆ ನಕಲು ಮಾಡಿಡೋಣ. ಆ ಧ್ವನಿಗಳಲ್ಲಿ ಕೆಲವು ಈಗ ಅಲ್ಲಿ ಮಾತ್ರ ಇವೆ.